ತುಟಿಗೆ ತಾಗಿಸಿದ ಎಳೆ

ಕೊನೆಯ ವರ್ಷ ಅತ್ತೆಯ ಕೆಳದುಟಿಯ ಮೇಲೆ ಯಾವಾಗಲೂ ಒಂದು ತೆಳ್ಳನೆಯ ಕೆಂಪು ಗೆರೆ ಇರುತ್ತಿತ್ತು. ಎಲೆಅಡಿಕೆಯ ಕೆಂಪಲ್ಲ, ಬಾಯಿ ತುಂಬ ಹುಣ್ಣಾಗಿ ಎಲೆಅಡಿಕೆ ಬಿಟ್ಟು ತಿಂಗಳುಗಳಾಗಿದ್ದವು. ಅದು ಇಳಕಲ್ ಸೀರೆಯ ಸೆರಗಿನ ನೂಲಿನ ಬಣ್ಣ.

ನಾನು ಬಾದಾಮಿ ಕಡೆಯವಳು. ಎಂಬತ್ತರ ದಶಕದ ಆರಂಭದಲ್ಲಿ ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ಮಾವ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ನೇಯುತ್ತಿದ್ದರು, ಅತ್ತೆ ಕೊಂಡಿ ಹಾಕುತ್ತಿದ್ದರು. ನಮ್ಮ ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಎರಡನ್ನೂ ಎದುರುಬದುರು ಹಿಡಿದು ಎಳೆಗೆ ಎಳೆ ಕೊಂಡಿಯ ಹಾಗೆ ಸಿಕ್ಕಿಸಿ ಕೂಡಿಸಬೇಕು. ಎಳೆ ತಪ್ಪಿದರೆ ಅಲ್ಲಿ ಬಟ್ಟೆ ಬಿರಿಯುತ್ತದೆ. ಓಣಿಯಲ್ಲಿ ಅತ್ತೆಯ ಕೈಗೆ ಹೆಸರಿತ್ತು. ಬಾಯಿಗೂ ಇತ್ತು ಬಿಡಿ. ನಾನು ಬಂದ ವಾರದಲ್ಲೇ ನನ್ನ ರೊಟ್ಟಿ ನೋಡಿ, "ಯವ್ವಾ, ಇದನ್ನ ತಿನ್ನೂದೋ, ಬಾಗಲಕ್ಕ ಅಡ್ಡ ಇಡೂದೋ?" ಎಂದಿದ್ದರು. ನಾನೇನು ಸುಮ್ಮನಿರುವವಳೇ? "ಅಡ್ಡ ಇಡ್ರಿ ಅತ್ತಿ, ಬೆಕ್ಕರೆ ಹೊರಗ ಉಳೀತೈತಿ" ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ನಮ್ಮದು ಜಗಳದ ಗೆಳೆತನ.

ಮರುವರ್ಷ ಅವರ ಕುತ್ತಿಗೆಯಲ್ಲಿ, ಬಗಲಲ್ಲಿ ಗಂಟುಗಳೆದ್ದವು. ನೋವಿರಲಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಡೆಗೆ ಬಾಗಲಕೋಟೆಯ ಡಾಕ್ಟರು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಗಂಟು ತೆಗೆದು ಪರೀಕ್ಷೆ ಮಾಡಿ ಲಿಂಫೋಮಾ ಎಂದರು, ಅದೂ ಕ್ಯಾನ್ಸರಿನ ಜಾತಿಯೇ. ಕೀಮೋ ಶುರುವಾಯಿತು. ನಾನೂ ಮಾವನೂ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆವು. ಹೋಗುವಾಗ ಅತ್ತೆ ಮೂಗಿಗೆ ನಿಂಬೆಹಣ್ಣು ಹಿಡಿದು ಕಿಟಕಿ ಪಕ್ಕ ಕೂರುವರು. ಬರುವಾಗ ಆ ನಿಂಬೆಹಣ್ಣಿನ ವಾಸನೆಗೇ ವಾಂತಿ.

ಕೆಂಪು ಔಷಧಿ ನರದೊಳಗೆ ಹೋದ ದಿನ ಮೂತ್ರವೂ ಕೆಂಪಾಯಿತು. ರಕ್ತವೆಂದು ಹೆದರಿ ನಾನು ಅಳತೊಡಗಿದೆ. "ಯಾಕ ಅಳ್ತೀ? ಹುಬ್ಬಳ್ಳ್ಯಾಗ ನನ್ನ ಹೊಟ್ಟ್ಯಾಗ ಬಣ್ಣಾ ಕಾಸಾಕ್ಹತ್ಯಾರ. ಸೆರಗಿನ ನೂಲ ಇಲ್ಲೇ ಅದ್ದಿ ತಗದ್ರಾತು" ಎಂದರು.

ಒಗ್ಗರಣೆಯ ವಾಸನೆ ಅವರಿಗೆ ಆಗುತ್ತಿರಲಿಲ್ಲ, ಹಿತ್ತಲಲ್ಲಿ ಒಲೆ ಹೂಡಿದೆ. ಏನು ಬಾಯಿಗಿಟ್ಟರೂ "ತಗಡ ನೆಕ್ಕಿದಂಗ ಆಗ್ತೈತಿ" ಎನ್ನುತ್ತಿದ್ದರು. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಚಮಚೆಯಿಂದ ಕುಡಿಸುತ್ತಿದ್ದೆ. ಕೂದಲು ಬಾಚಣಿಕೆಗೆ ಹಿಡಿಹಿಡಿಯಾಗಿ ಬಂತು. ಅದನ್ನೆಲ್ಲ ಉಂಡೆ ಸುತ್ತಿ ಗೋಡೆಯ ಮಾಡದಲ್ಲಿಟ್ಟಿದ್ದರು. ಕೂದಲಿಗೆ ಬದಲಾಗಿ ಪಿನ್ನು ಕೊಡುವವಳು ಓಣಿಗೆ ಬಂದಾಗ ತಲೆಗೆ ಸೆರಗು ಎಳೆದುಕೊಂಡು ಹೋಗಿ ಉಂಡೆಯನ್ನು ಅವಳ ಬುಟ್ಟಿಗೆ ಹಾಕಿದರು. "ಇಷ್ಟೊಂದು ಯಾರ ಕೂದ್ಲರೀ ಅಕ್ಕಾರ?" ಎಂದು ಆಕೆ ಕೇಳಿದಳು. "ಒಬ್ಬಾಕಿ ಇದ್ಳು, ಹೋದ್ಲು" ಎಂದು ಅತ್ತೆ ಪಿನ್ನುಗಳನ್ನು ತಂದು ನನ್ನ ತುರುಬಿಗೆ ಸಿಕ್ಕಿಸಿದರು.

ಇಷ್ಟನ್ನೂ ತಡೆದುಕೊಂಡರು. ತಡೆಯಲಾಗದೇ ಹೋದದ್ದು ಬೆರಳಿನದು. ಇಂಜೆಕ್ಷನ್ನಿನಿಂದ ಬೆರಳ ತುದಿ ಜೋಮು ಹಿಡಿದು, ಎಳೆ ಕೈಯಲ್ಲಿದೆಯೋ ಇಲ್ಲವೋ ಎಂಬುದೇ ತಿಳಿಯದಾಯಿತು. ಆಗ ಶುರುವಾದದ್ದು ಈ ಪದ್ಧತಿ: ಎಳೆಯನ್ನು ತುಟಿಗೆ ತಾಗಿಸಿ, ಇದೆ ಎಂದು ಖಾತ್ರಿಯಾದ ಮೇಲೆ ಕೊಂಡಿ ಹಾಕುವುದು. ತುಟಿಯೂ ಹುಣ್ಣೇ. "ಬಿಡ್ರಿ ಅತ್ತಿ, ನಾ ಕಲೀತೇನಿ" ಎಂದೆ.

"ಕೊಂಡಿ ಹಾಕೂತನಕ ನಾ ಈ ಮನೀ ಹೆಣ್ಮಗಳು. ಬಿಟ್ನಿ ಅಂದ್ರ ಬರೇ ಜಡ್ಡಿನಾಕಿ."

ಆದರೂ ಎಳೆಗಳು ತಪ್ಪುತ್ತಿದ್ದವು. ಅತ್ತೆ ಆಯಾಸದಿಂದ ಮಧ್ಯಾಹ್ನ ಮಲಗಿದಾಗ ಮಾವ ತಪ್ಪಿದಲ್ಲಿ ಬಿಚ್ಚಿ ತಾವೇ ಮತ್ತೆ ಹಾಕುತ್ತಿದ್ದರು. ಸುಮ್ಮನಿರು ಎಂದು ನನಗೆ ಕಣ್ಣಲ್ಲೇ ಹೇಳುತ್ತಿದ್ದರು. ಪಾಪ, ಹೆಂಡತಿಗಾಗಿ ಅವರಿಗೆ ಇನ್ನೇನು ಮಾಡಲು ತಿಳಿದಿತ್ತು! ಒಂದು ದಿನ ಅತ್ತೆ ನಡುವೆಯೇ ಎದ್ದು ಬಂದು ನೋಡಿಬಿಟ್ಟರು. ಹಾಸಿನ ಮೇಲೆ ಬೆರಳಾಡಿಸಿದರು, ಏನೂ ತಿಳಿಯಲಿಲ್ಲ. ಬಗ್ಗಿ ತುಟಿ ಇಟ್ಟರು.

"ಎಷ್ಟ ದಿನಾ ಆತ್ರಿ, ಹಿಂಗ ಮಾಡಾಕ್ಹತ್ತಿ?"

ಮಾವ ಮಗ್ಗದ ಕುಣಿಯಲ್ಲಿ ತಲೆ ತಗ್ಗಿಸಿದರು. "ನಿನಗ ಬ್ಯಾಸರ ಆಗಬಾರದಂತ..."

"ಕೂದ್ಲಾ ಹೋತು, ನಾಲಿಗಿ ರುಚಿ ಹೋತು. ಇದೊಂದು ಉಳದೈತಿ ಅಂತ ತಿಳಕೊಂಡಿದ್ನಿ. ಅದನ್ನೂ ನೀವ ಮಾಡಾಕ್ಹತ್ತಿದ್ರಿ."

ಮುಂದೆ ಕೆಲವು ದಿನ ಮನೆಯಲ್ಲಿ ಮಗ್ಗದ ಸದ್ದೇ ಇರಲಿಲ್ಲ. ಆಮೇಲೆ ಅತ್ತೆಯೇ ಹೊಸ ಹಾಸು ಹಾಕಿಸಿದರು. "ಇದು ಮಾರೂ ಸೀರಿ ಅಲ್ಲ, ಸೊಸೀಗೆ. ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ."

ನನ್ನನ್ನು ಎದುರಿಗೆ ಕೂರಿಸಿಕೊಂಡರು. ನಾನು ಎಳೆ ಬಿಡಿಸಿ ಕೊಡುವುದು, ಅವರು ತುಟಿಗೆ ತಾಗಿಸಿ ಕೊಂಡಿ ಹಾಕುವುದು. ಸ್ವಲ್ಪ ಹಾಕಿ ಗೋಡೆಗೆ ಒರಗುವರು, ಮತ್ತೆ ಏಳುವರು. ತಪ್ಪಿದ್ದು ನನಗೆ ಕಾಣುತ್ತಿತ್ತು, ಹಾಗೇ ಬಿಟ್ಟು ಮುಂದಿನ ಎಳೆ ಕೊಡುತ್ತಿದ್ದೆ. ಅಂಚಿನ ಹತ್ತಿರ ಬಂದಾಗ ಎಳೆಯನ್ನು ನನ್ನ ಕೈಗೇ ತಿರುಗಿ ಕೊಟ್ಟು, "ಇಲ್ಲಿಂದ ನೀ ಹಾಕು" ಎಂದರು. ನಾನು ಹಾಕಿದ ಮೊದಲ ಕೊಂಡಿ ಅದು. ಅತ್ತೆ ಬಗ್ಗಿ ಅದಕ್ಕೂ ತುಟಿ ತಾಗಿಸಿ ನೋಡಿದರು. "ನಿನ್ನ ರೊಟ್ಟಿಗಿಂತಾ ಚಲೋ ಐತಿ."

ಸೀರೆ ಮಗ್ಗದಿಂದ ಇಳಿಯುವ ಹೊತ್ತಿಗೆ ಗಂಟುಗಳು ಮತ್ತೆ ಎದ್ದಿದ್ದವು. ಇನ್ನು ಔಷಧಿಯಿಂದ ಉಪಯೋಗವಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಒಂದು ಬೆಳಗ್ಗೆ ನುಚ್ಚಿನ ಬಟ್ಟಲು ಹಿಡಿದು ಕರೆದೆ, ಅತ್ತೆ ಏಳಲಿಲ್ಲ. ಮೈ ತೊಳೆಸುವಾಗ ಓಣಿಯ ಹೆಂಗಸರು ತುಟಿಯ ಕೆಂಪನ್ನು ತಿಕ್ಕಿ ತೆಗೆಯಹೋದರು. ನಾನು ಅವರ ಕೈ ಹಿಡಿದು ತಡೆದೆ.

ಆ ಸೀರೆ ನನ್ನ ಹತ್ತಿರ ಇದೆ. ಸೆರಗು ಕೂಡುವಲ್ಲಿ ಅಲ್ಲಲ್ಲಿ ಬಿರಿದಿದೆ, ಅದು ಅವರ ಕೈ. ಅಂಚಿನ ಹತ್ತಿರದ್ದು ನನ್ನದು. ಮಾವನ ಮಗ್ಗಕ್ಕೆ ಆಮೇಲೆ ನಾನೇ ಕೊಂಡಿ ಹಾಕಿದೆ, ಇವತ್ತಿಗೂ ಹಾಕುತ್ತೇನೆ. ದೇವರ ದಯೆ, ನನ್ನ ಬೆರಳಿಗೆ ಏನೂ ಆಗಿಲ್ಲ. ಆದರೂ ನಡುನಡುವೆ ಎಳೆ ತಾನಾಗಿ ತುಟಿಗೆ ಹೋಗುತ್ತದೆ. "ಆಯಿ, ತುಟಿಗೆ ಬಣ್ಣಾ ಹತ್ತೈತಿ" ಎನ್ನುತ್ತಾಳೆ ಮೊಮ್ಮಗಳು. ನಾನು ಒರೆಸಿಕೊಳ್ಳುವುದಿಲ್ಲ.