ತೆರೇಸಮ್ಮ ಹಿಡಿದ ಮೇಣದಬತ್ತಿ

ಗಂಟೆ ಬಾರಿಸಿದ್ದೇ ತಡ, ಚರ್ಚಿನಲ್ಲಿದ್ದವರೆಲ್ಲ ದಬದಬನೆ ಮೊಣಕಾಲೂರಿದರು. ನಾನೊಬ್ಬಳೇ ಗೂಟದ ಹಾಗೆ ನಿಂತಿದ್ದೆ. ಪಾದ್ರಿ ಸ್ವಾಮಿಗಳು ನಮಗೆ ಬೆನ್ನು ಮಾಡಿ ಲ್ಯಾಟಿನ್‌ನಲ್ಲಿ ಏನೋ ಹೇಳುತ್ತಿದ್ದರು. ಧೂಪದ ಹೊಗೆಗೆ ನನಗೆ ಕೆಮ್ಮು. ಪಕ್ಕದ ಹೆಂಗಸು ಸೆರಗು ಜಗ್ಗಿ, "ಮಣಕಾಲೂರ್ರಿ ಟೀಚರಮ್ಮ, ಎಲ್ರೂ ನೋಡ್ತಾ ಅವ್ರೆ" ಎಂದಳು. ನಾನು ಊರಲಿಲ್ಲ. ಧಾರವಾಡದ ಪ್ರೊಟೆಸ್ಟೆಂಟ್ ಮೊಣಕಾಲು ಅಷ್ಟು ಸುಲಭಕ್ಕೆ ಬಗ್ಗುವುದೇ?

ರಾಜ್ಯ ಒಂದಾದ ಹೊಸತರಲ್ಲಿ ನನ್ನನ್ನು ಹಿರಿಯೂರಿನ ಶಾಲೆಗೆ ವರ್ಗ ಮಾಡಿದ್ದು ಧಾರವಾಡದ ನಮ್ಮ ಸಭೆಯವರಾದ ನಿಮಗೆಲ್ಲ ಗೊತ್ತು. ಅವ್ವನನ್ನೂ ಕರೆದುಕೊಂಡು ಬಂದೆ. ನಮ್ಮ ಸಭೆಯವರು ಇಲ್ಲಿ ಯಾರೂ ಇರಲಿಲ್ಲ. ಭಾನುವಾರ ಮನೆಯಲ್ಲಿ ಸುಮ್ಮನೆ ಕೂರಲಾರದೆ ಕೆಥೊಲಿಕರ ಚರ್ಚಿಗೆ ಹೋಗಿದ್ದೆ. ನಮ್ಮಲ್ಲಿ ಎಲ್ಲರೂ ಗಂಟಲು ಬಿಟ್ಟು ಹಾಡುತ್ತೇವೆ, ಸತ್ಯವೇದ ತೊಡೆಯ ಮೇಲೆ ತೆರೆದಿರುತ್ತದೆ. ಇಲ್ಲಿ ಕೈಯಲ್ಲಿ ಪುಸ್ತಕವಿಲ್ಲ, ಜಪಸರ. ಊಟವೂ ಬೇರೆ: ರೊಟ್ಟಿಯ ಬದಲು ರಾಗಿಮುದ್ದೆ, ಜೊತೆಗೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಬಸ್ಸಾರು. ಅವ್ವ ಮುದ್ದೆಯನ್ನು ಅಗಿದೂ ಅಗಿದೂ ದವಡೆ ನೋಯಿಸಿಕೊಂಡಳು. ಅಗಿಯಬಾರದು, ನುಂಗಬೇಕು ಎಂದು ಕಲಿಸಿದವಳು ಪಕ್ಕದ ಮನೆಯ ತೆರೇಸಮ್ಮ. ಸೆರಗು ಜಗ್ಗಿದವಳೂ ಅವಳೇ.

ಮಧ್ಯಾಹ್ನ ಅವ್ವ ಗಟ್ಟಿಯಾಗಿ ಸತ್ಯವೇದ ಓದುತ್ತಿದ್ದಳು, ತೆರೇಸಮ್ಮ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದಳು. ಓದು ಮುಗಿದರೆ ಜಗಳ ಶುರು.

"ಸತ್ತೋರು ಶುದ್ಧ ಆಗಾಕೆ ಒಂದು ಜಾಗ ಐತೆ ಅವ್ವಾರೆ. ನಾವು ಬೇಡ್ಕಂಡ್ರೆ ಬೇಗ ಸ್ವರ್ಗಕ್ಕೆ ಹೋಗ್ತಾರೆ."

"ಎಲ್ಲಿ ಬರದೈತಿ, ತೋರಸು. ಶಿಲುಬಿ ಮ್ಯಾಲಿನ ಕಳ್ಳಗ ಯೇಸು ಕರ್ತ ಅವತ್ತೇ ಪರದೈಸು, ಅಂದ್ರ ಸ್ವರ್ಗಾನ, ಕೊಟ್ಟಾನ. ನಡುವ ಎಲ್ಲಿ ನಿಲ್ಲಿಸಿದ್ನವಾ?"

ತೆರೇಸಮ್ಮ ಸ್ವಾಮಿಗಳನ್ನು ಕೇಳಿಕೊಂಡು ಬಂದಳು. "ನಮ್ ಬೈಬಲ್ಲಿನ ಮಕ್ಕಬಿಯರ ಪುಸ್ತಕದಾಗೆ ಐತಂತೆ! ಆ ಪುಸ್ತಕನೇ ನಿಮ್ಮದ್ರಾಗೆ ಇಲ್ವಂತಲ್ಲ. ಎಲ್ಲಿಗೆ ಹಾಕಿದ್ರಿ?"

ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಇಬ್ಬರೂ ಎಲೆ ಅಡಿಕೆ ಹಾಕಿಕೊಂಡರು. ನಾನು ಮಾತ್ರ ನಗಲಿಲ್ಲ. ಕೃಪೆ ಕಂತಿನಲ್ಲಿ ಬರುವಂಥದ್ದಲ್ಲ, ಸತ್ತವರ ಲೆಕ್ಕ ದೇವರಿಗೆ ಸೇರಿದ್ದು ಎಂಬುದು ನನ್ನ ನಂಬಿಕೆ. ಇಂದಿಗೂ ಅದೇ.

ಆ ಬೇಸಿಗೆಯಲ್ಲಿ ಅವ್ವ ಹೋಗಿಬಿಟ್ಟಳು. ಹೂಳುವುದೆಲ್ಲಿ? ನಮ್ಮವರ ಸ್ಮಶಾನ ಊರಲ್ಲಿಲ್ಲ. ತೆರೇಸಮ್ಮ ಸ್ವಾಮಿಗಳ ಬಾಗಿಲಲ್ಲಿ ಕೂತು, ಹಟ ಹಿಡಿದು, ಅವರ ಸ್ಮಶಾನದಲ್ಲಿ ಬೇಲಿಯ ಪಕ್ಕ ಒಂದು ಮೂಲೆ ಕೊಡಿಸಿದಳು. ಆ ಋಣ ಎಲ್ಲಿ ತೀರೀತು!

ನವೆಂಬರ್ ಬಂತು. ಆ ತಿಂಗಳ ಮೊದಲಲ್ಲಿ ಕೆಥೊಲಿಕರು ಸಮಾಧಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಸತ್ತವರಿಗಾಗಿ ಬೇಡಿಕೊಳ್ಳುತ್ತಾರೆ.

"ಅವ್ವಾರಿಗೂ ಒಂದು ಹಚ್ಲಾ?" ಎಂದು ತೆರೇಸಮ್ಮ ಕೇಳಿದಳು.

ಹೂಂ ಎಂದರೆ ಅವ್ವನ ನಂಬಿಕೆಗೆ ದ್ರೋಹ, ಉಹೂಂ ಎಂದರೆ ಅವ್ವನಿಗೆ ಮಣ್ಣು ಕೊಡಿಸಿದವಳ ಮನಸ್ಸು ಮುರಿಯುವುದು.

"ಬೇಡ ತೆರೇಸಮ್ಮ. ಅವ್ವ ಒಪ್ಪುತ್ತಿರಲಿಲ್ಲ" ಎಂದೆ. ಅವಳು ಎದ್ದು ಹೋದಳು.

ಸಂಜೆ ತಡೆಯಲಾರದೆ ಸತ್ಯವೇದ ಹಿಡಿದು ಸ್ಮಶಾನಕ್ಕೆ ಹೋದೆ. ಎಲ್ಲ ಸಮಾಧಿಗಳ ಮೇಲೂ ದೀಪ, ಅವ್ವನದೊಂದೇ ಕತ್ತಲು. ಪಕ್ಕದಲ್ಲಿ ಯಾರೋ ಕುಕ್ಕರುಗಾಲಲ್ಲಿ ಕೂತಿದ್ದರು. ನೋಡಿದರೆ ತೆರೇಸಮ್ಮ!

"ಹಚ್ಚಿಲ್ಲ ಕಣ್ರಿ, ನೋಡ್ಕಳ್ರಿ" ಎಂದಳು. "ಅವ್ವಾರು ಒಬ್ರೇ ಕತ್ಲಾಗೆ ಇರ್ತಾರಲ್ಲ ಅಂತ ಕುಂತೀನಿ. ಬುಕ್ ತಂದೀರಲ್ಲ, ಅವ್ರು ಓದ್ತಿದ್ದುದ್ನ ಓದ್ರಿ, ಕೇಳಾನ."

ತೆರೆದೆ. ಒಂದಕ್ಷರ ಕಾಣಿಸಲಿಲ್ಲ. ತೆರೇಸಮ್ಮ ನನ್ನ ಮುಖ ನೋಡಿದಳು. ಮಡಿಲಿನಿಂದ ಮೇಣದಬತ್ತಿ ತೆಗೆದು, ಹಚ್ಚಿ, ಪುಟದ ಮೇಲೆ ಹಿಡಿದಳು.

"ಇದು ಓದಾಕೆ, ಆಯ್ತಾ? ಅವ್ವಾರಿಗಲ್ಲ."

ಅಳು ಬಂತು, ನಗುವೂ ಬಂತು. ಓದಿದೆ. ಬಿಸಿ ಮೇಣ ಬೆರಳ ಮೇಲೆ ಇಳಿದರೂ ಅವಳು ಅಲುಗಲಿಲ್ಲ. ಮುಗಿದ ಮೇಲೆ, "ಆರಿಸ್ಲಾ?" ಎಂದಳು.

"ಇರಲಿ ಬಿಡ್ರಿ" ಎಂದೆ. ಬತ್ತಿಯನ್ನು ಮಣ್ಣಿನಲ್ಲಿ ಊರಿ ಇಬ್ಬರೂ ಮನೆಗೆ ಬಂದೆವು.

ಸತ್ತವರಿಗಾಗಿ ನಾನು ಈಗಲೂ ಪ್ರಾರ್ಥಿಸುವುದಿಲ್ಲ. ಧಾರವಾಡಕ್ಕೆ ಬಂದು ನಿಮ್ಮೊಡನೆ ಹಾಡುವಾಗ, ಇದೇ ನನ್ನ ಜನ ಎನಿಸುತ್ತದೆ. ವಾರ ಕಳೆಯುವುದರೊಳಗೆ ಬೇಲಿಯ ಪಕ್ಕದ ಆ ಮೂಲೆ ಎಳೆಯುತ್ತದೆ. ವರ್ಗ ಕೇಳಿ ಊರಿಗೆ ಬಾ ಎನ್ನುತ್ತೀರಿ. ಈ ನವೆಂಬರ್ ತಿಂಗಳೊಂದು ಕಳೆಯಲಿ ಎನ್ನುತ್ತೇನೆ. ಪ್ರತಿ ವರ್ಷವೂ ಹಾಗೇ ಎನ್ನುತ್ತೇನೆ.