ಚಾಚಾ ಹೆಸರು ಹೇಳದ ಹಕ್ಕಿ

ಹಳೆಯ ಕನ್ನಡಕದ ಡಬ್ಬಿ ತೆರೆದಾಗ ಲವಂಗದ ವಾಸನೆ ಬಂತು. ಒಳಗಿದ್ದುದು ಗಾಜು ಒರೆಸುವ ಬಟ್ಟೆ, ಶಿರಾದ ಕನ್ನಡಕದಂಗಡಿ ಚಾಚಾ ಕೊಟ್ಟಿದ್ದು. ಬಾಯಲ್ಲಿ ಲವಂಗ ಇಟ್ಟುಕೊಂಡೇ ಅವರು ಗಾಜಿಗೆ ಊದಿ ಒರೆಸುತ್ತಿದ್ದರು. ವಾಸನೆ ಬಟ್ಟೆಗೂ ಹತ್ತಿತ್ತು...

ರಜೆಯ ದಿನ ನಾವಿಬ್ಬರೂ ಹಕ್ಕಿ ನೋಡಲು ಹೋಗುತ್ತಿದ್ದೆವು. ಚಾಚಾ ಒಂದು ಕಟ್ಟಳೆ ಮಾಡಿದ್ದರು. ಕಂಡ ಕೂಡಲೇ ಹಕ್ಕಿಯ ಹೆಸರು ಹೇಳುವಂತಿಲ್ಲ. ಮೊದಲು ಅವರು ಕಂಡ ಗುರುತು ಹೇಳಬೇಕು, ಆಮೇಲೆ ನಾನು. ಎರಡೂ ಕೂಡಿದರೆ ಮಾತ್ರ ಹೆಸರು. ಎರಡು ಕಡೆಯಿಂದ ಖಚಿತವಾಗದೆ ಸುದ್ದಿ ಅಚ್ಚಿಗೆ ಹೋಗದ ಸುದ್ದಿಮನೆಯಲ್ಲಿ ಕೆಲಸ ಮಾಡುವ ನನಗೆ ಇದು ಹೊಸದಲ್ಲ. ಆದರೂ ಅವಸರದಲ್ಲಿ ಹೆಸರು ಹೇಳಿಬಿಡುತ್ತಿದ್ದೆ.

"ಪೇಪರ್‌ನೋರು ಕಣ್ರೀ ನೀವು! ಹಕ್ಕಿ ಕೂರೋಕ್ ಮುಂಚೆನೇ ಹೆಡ್ಡಿಂಗ್ ಕೊಟ್ಬುಡ್ತೀರಿ," ಎಂದು ರೇಗಿಸುತ್ತಿದ್ದರು.

ಅವರಿಗೆ ಬೇಕಿದ್ದುದು ಹಳದಿ ಕೊರಳಿನ ಪಿಕಳಾರ. ಬಂಡೆಗುಡ್ಡಗಳ ಕುರುಚಲಲ್ಲಿ ಅಡಗಿರುವ ಹಾಡುಹಕ್ಕಿ. ಹಲವು ಸಲ ದನಿ ಕೇಳಿದ್ದರು, ಕಂಡಿರಲಿಲ್ಲ. ಬಿಳಿ ಹುಬ್ಬಿನ ಪಿಕಳಾರವೂ ಅಲ್ಲೇ ಇರುವುದರಿಂದ ಕೊರಳು ನೋಡದೆ ಹೇಳುವಂತಿರಲಿಲ್ಲ. ಕಾಲವೂ ಕಡಿಮೆಯಿತ್ತು. ಗ್ಲಾಕೋಮಾ ಅವರ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತಾ ಬಂದಿತ್ತು. ಅದಕ್ಕೆ ಯಾವ ಕನ್ನಡಕವೂ ಆಗಿಬರದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಆ ಬೆಳಿಗ್ಗೆ ನಿಡುಗಲ್ ಬೆಟ್ಟದಲ್ಲಿ ದನಿಯ ಜಾಡು ಹಿಡಿದು ಒಂದು ಚಾಚುಬಂಡೆಯ ಕೆಳಗೆ ಹೋಗಿ ನಿಂತೆವು. ತಲೆ ಎತ್ತಿದೆ. ಬಂಡೆಗೆ ಹೆಜ್ಜೇನು ಕಟ್ಟಿತ್ತು. ಜೇನುಹುಟ್ಟಿನ ಮೇಲೆ ಹುಳಗಳ ಎಚ್ಚರಿಕೆಯ ಅಲೆಯೊಂದು ಮೇಲಿಂದ ಕೆಳಕ್ಕೆ ಸರಿದುಹೋಯಿತು.

"ಚಾಚಾ, ವಾಪಸ್ ಹೋಗೋಣ," ಎಂದು ಪಿಸುಗುಟ್ಟಿದೆ.

"ಆಸ್ತೆ. ಅಲ್ಲಾಡಬ್ಯಾಡಿ. ಇಲ್ಲೇ ಕೂಗ್ತಾ ಐತೆ."

ಘಾಟು ವಾಸನೆ ಹೆಜ್ಜೇನಿಗೆ ಆಗದೆಂದು ಬಾಯಲ್ಲಿದ್ದ ಲವಂಗವನ್ನು ಕರವಸ್ತ್ರಕ್ಕೆ ತೆಗೆದು ಮಡಚಿಟ್ಟರು.

ಹಕ್ಕಿ ಕವಳಿ ಪೊದೆಯಿಂದ ಹೊರಗಿನ ಕೊಂಬೆಗೆ ಬಂತು. ಅದರ ಮೇಲೆ ಬಿಸಿಲು ಬಿತ್ತು. ನನಗೆ ಕೊರಳು ಸ್ಪಷ್ಟವಾಗಿ ಕಂಡಿತು. ಚಾಚಾ ಬೈನಾಕ್ಯುಲರ್ ಎತ್ತಿ ಎಡಕ್ಕೆ ಹುಡುಕಿದರು, ಬಲಕ್ಕೆ ಹುಡುಕಿದರು. ಒಂದು ಜೇನುಹುಳ ಬಂದು ಅವರ ಗಡ್ಡದ ಮೇಲೆ ಕೂತಿತು. ಅವರು ಕೈ ಇಳಿಸಲಿಲ್ಲ. ಕೊನೆಗೆ ಬೈನಾಕ್ಯುಲರ್ ಕೊಂಬೆಯತ್ತ ನಿಂತಾಗ ಹಕ್ಕಿ ಬೆನ್ನು ತಿರುಗಿಸಿ ಹಾರಿತು.

ಬಂಡೆಯಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿದು, ಇಳಿಜಾರಿನಲ್ಲಿ ಕೂತ ಮೇಲೆಯೇ ಉಸಿರು ಬಿಟ್ಟೆವು. ಮೊದಲ ಮಾತು ಅವರದು. ಹಳದಿ ಎಂದುಬಿಟ್ಟರೆ ಸಾಕು, ನಾನು ಹೂಂ ಎನ್ನುತ್ತಿದ್ದೆ.

"ಬಾಲ ಕಂಡ್ತು," ಎಂದರು. "ಕೊರಳು ಕಾಣ್ಲಿಲ್ಲ."

"ಚಾಚಾ, ನಾನು ನೋಡಿದೆ, ಅದು..."

"ಬ್ಯಾಡಿ ಸಾಹೇಬ್ರೇ. ನೀವು ಹೇಳಿದ್ರೆ ನಂಗೂ ಕಂಡಂಗೆ ಆಗ್ಬುಡ್ತದೆ."

ಮಡಚಿದ ಕರವಸ್ತ್ರ ಬಿಡಿಸಿ ಲವಂಗವನ್ನು ಮತ್ತೆ ಬಾಯಿಗೆ ಹಾಕಿಕೊಂಡರು. "ಇನ್ನೊಂದ್ಸಲ ಬರಾನ," ಎಂದರು.

ಬರಲಾಗಲಿಲ್ಲ. ಮೊದಲು ಬೆಟ್ಟ ಹತ್ತುವುದು ನಿಂತಿತು, ಆಮೇಲೆ ಅಂಗಡಿ ಮುಚ್ಚಿತು, ಆಮೇಲೆ ಅವರೂ... ನಾನು ಕಂಡದ್ದೇನೆಂದು ಕೊನೆಯವರೆಗೂ ಅವರು ಕೇಳಲಿಲ್ಲ.

ಡಬ್ಬಿ ಸಿಕ್ಕ ವಾರವೇ ಆ ಬಟ್ಟೆಯನ್ನು ಜೇಬಿಗಿಟ್ಟುಕೊಂಡು ನಿಡುಗಲ್‌ಗೆ ಹೋಗಿದ್ದೆ. ಬಂಡೆಯಿಂದ ದೂರವೇ ನಿಂತೆ. ಹಕ್ಕಿ ಬಂತು, ನನ್ನತ್ತ ಮುಖ ಮಾಡಿ ಹಾಡಿತು. ಬೈನಾಕ್ಯುಲರ್ ಇಳಿಸಿ, ಅಭ್ಯಾಸಬಲದಿಂದ ಸುಮ್ಮನೆ ಕಾದೆ.

ಮೊದಲು ಹೇಳಬೇಕಾದವರು ಪಕ್ಕದಲ್ಲಿರಲಿಲ್ಲ. ನಾನೂ ಹೆಸರು ಹೇಳದೆ ಬೆಟ್ಟ ಇಳಿದೆ.