ಪಟೇಲರ ಜಗಲಿ ಮುಂದೆ ಕಳಚಿದ ಮೆಟ್ಟು

ನಮ್ಮ ತಾತ ಚೆನ್ನಯ್ಯ ಮೂಕಿ ಸಿನಿಮಾದಲ್ಲಿ ಬೀಳೋ ಕೆಲಸ ಮಾಡ್ತಿದ್ದ. ಕುದುರೆ ಮೇಲಿಂದ ಬೀಳೋದು, ಕೋಟೆ ಮೇಲಿಂದ ನೆಗೆಯೋದು, ಎಲ್ಲ ಹೀರೋ ಬದಲಿಗೆ. ಮುಖ ಅವಂದು, ಮುರಿಯೋ ಮೂಳೆ ನಮ್ಮ ತಾತಂದು. ಐದು ವರ್ಷದಲ್ಲಿ ಎರಡು ಸಲ ಕಾಲು ಮುರೀತು. ಪರದೆ ಮೇಲೆ ಹೆಸರು ಒಂದು ಸಲಾನೂ ಬರಲಿಲ್ಲ.

ಓದ ತಿಂಗಳು ಹಾಸನದಲ್ಲಿ ಆ ಕಾಲದ ಒಂದು ತುಂಡು ರೀಲು ತೋರಿಸಿದ್ರು. ಕಾರ್ಯಕ್ರಮ ನಡೆಸ್ತಿದ್ದೋರು ಕಾಲೇಜಿನ ಸಂಜಯ್ ಮೇಷ್ಟ್ರು. ತಾತನ ಹೆಸರು ಹಾಕಿಸಿ ಅಂತ ಎರಡು ವರ್ಷದಲ್ಲಿ ಅವರ ಮನೆಗೆ ನಾಕು ಸಲ ಅಲೆದಿದ್ದೆ. ಖಂಡಿತ ಹಾಕಿಸ್ತೀನಿ ಪಾರ್ವತಮ್ಮನೋರೆ ಅಂದಿದ್ರು. ನನ್ನ ಮಗಳು ಬಿಂದುಶ್ರೀ ಜೊತೆ ನಮ್ಮೂರು ಕಟ್ಟಾಯದಿಂದ ಬಸ್ ಅತ್ತಿ ಬಂದು ಕುಂತ್ರೆ, ಪರದೆ ಮೇಲೆ ಬಂದಿದ್ದು ಹೀರೋ ಹೆಸರೊಂದೇ. ಮೈಯೆಲ್ಲ ಉರಿದೋಯ್ತು.

ಸಿನಿಮಾದಲ್ಲಿ ರಾಜನ ಮಗ ಬೀದಿಲಿ ಓಡ್ತಾನೆ, ಹಿಂದೆ ಕತ್ತಿ ಹಿಡಿದೋರು. ಒಂದು ದೊಡ್ಡ ಮನೆ ಜಗಲಿ ಬತ್ತಿದ್ದಂಗೆ ಗಕ್ಕನೆ ನಿಂತು, ಕಾಲಿನ ಜರಿ ಮೆಟ್ಟು ಕಳಚಿ, ಕಂಕುಳಿಗೆ ಸಿಕ್ಕಿಸ್ಕೊಂಡು ಮತ್ತೆ ಓಡ್ತಾನೆ. ಸಭೆ ಬಿದ್ದು ಬಿದ್ದು ನಗ್ತು. ಹೀರೋ ಎಂಥಾ ತಮಾಷೆ ಮಾಡಿದಾನೆ ನೋಡಿ ಅಂದ್ರು ಮೇಷ್ಟ್ರು ಮೈಕಲ್ಲಿ.

ತಮಾಷೆಯಂತೆ ತಮಾಷೆ! ಅದು ಹೊಳೆನರಸೀಪುರದ ಹತ್ರ ತೆಗೆದಿದ್ದು, ತಾತನೇ ಹೇಳ್ತಿದ್ದ. ಜಗಲಿ ಮೇಲೆ ಊರ ಪಟೇಲ ಶೂಟಿಂಗ್ ನೋಡ್ತಾ ಕುಂತಿದ್ದ. ಅಂಥೋರ ಮನೆ ಮುಂದೆ ನಮ್ಮ ಕೇರಿಯೋರು ಮೆಟ್ಟು ಮೆಟ್ಟಂಗಿರಲಿಲ್ಲ. ಮೈ ಮೇಲೆ ರಾಜನ ವೇಷ ಇದ್ರೂ ತಾತನ ಕಾಲು ತಾನೇ ನಿಂತ್ಬುಡ್ತು. ಫಿಲಂ ದುಬಾರಿ ಅಂತ ಅದನ್ನ ಅಂಗೇ ಉಳಿಸ್ಕೊಂಡು, ಶಾಟ್ ಕೆಡಿಸ್ದ ಅಂತ ತಾತನ್ನ ಅವತ್ತೇ ಕೆಲಸದಿಂದ ತೆಗೆದ್ರು. ಆಮೇಲೆ ಸಾಯೋವರೆಗೂ ಕೂಲಿ. ಇದನ್ನೆಲ್ಲ ಮೇಷ್ಟ್ರಿಗೂ ಮೊದಲೇ ಹೇಳಿದ್ದೆ.

ಎದ್ದು ವೇದಿಕೆಗೇ ಅತ್ತಿದೆ. ಮೇಷ್ಟ್ರು ಮೈಕಿಗೆ ಕೈ ಅಡ್ಡ ಇಟ್ಟು, ತಪ್ಪಾಯ್ತು, ಹೆಸರು ಈಗಲೇ ಹೇಳ್ತೀನಿ, ಮೆಟ್ಟಿನ ವಿಷಯ ಮಾತ್ರ ಬ್ಯಾಡ, ಆ ಪಟೇಲರ ಮನೆಯೋರು ಮುಂದಿನ ಸಾಲಲ್ಲೇ ಅವ್ರೆ ಅಂತ ಪಿಸುಗುಟ್ಟಿದ್ರು. ಹೆಸರಿಗೋಸ್ಕರ ಎರಡು ವರ್ಷ ಕಾದೋಳು ನಾನು. ಒಪ್ಕೊಂಬುಡನ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಮೈಕ್ ಕಿತ್ಕೊಂಡೆ.

"ಓಡಿದ್ದು ನಮ್ಮ ತಾತ ಚೆನ್ನಯ್ಯ. ನಿಮ್ಮನ್ನ ನಗಿಸಕ್ಕೆ ಮೆಟ್ಟು ಬಿಚ್ಚಲಿಲ್ಲ ಅವನು. ಜಗಲಿ ಮೇಲೆ ಪಟೇಲ ಕುಂತಿದ್ದ, ಅದಕ್ಕೆ ಬಿಚ್ಚಿದ. ಇನ್ನೊಂದು ಸಲ ರೀಲು ಆಕಿ, ಈಗ ನಗ್ರಿ ನೋಡನ."

ಮತ್ತೆ ಹಾಕಿದ್ರು. ಮೊದಲ ಸಲ ಸಿಟ್ಟಲ್ಲಿ ನಾನೂ ಕೊನೇದನ್ನ ನೋಡಿರಲಿಲ್ಲ. ಅದೇ ಓಟದಲ್ಲಿ ತಾತ ಹೊಳೆಗೆ ಧುಮುಕಿ, ಮೆಟ್ಟು ನೆನೀದಂಗೆ ಒಂದು ಕೈ ಮೇಲೆತ್ಕೊಂಡು ಈಜ್ತಾನೆ. ಆಚೆ ದಡ ಅತ್ತಿ ಒಂದು ಸಲ ಜಗಲಿ ಕಡೆ ತಿರುಗಿ ನೋಡ್ತಾನೆ. ಆಮೇಲೆ ಕುಂತ್ಕೊಂಡು ಎರಡೂ ಕಾಲಿಗೆ ಮೆಟ್ಟು ಮೆಟ್ಕೊಂಡು ನಡೀತಾನೆ.